ಆಯಿಯ ಹಲ್ಲಿನ ಸಂದಿ

ಫ್ರೆಂಡ್ಸ್, ಇವತ್ತು ಬೀದರಿನ ಡೆಂಟಲ್ ಕ್ಲಿನಿಕ್ಕಿನಲ್ಲಿ ನನ್ನ ಮಾನ ಹೋಯಿತು. ಅಪ್ಪನ ತಾಯಿ, ಚಿಂತಾಕಿ ಹಳ್ಳಿಯ ನಮ್ಮ ಆಯಿಗೆ ಹಲ್ಲಿನ ಸೆಟ್ ಮಾಡಿಸಬೇಕಿತ್ತು. ಬಾಯಿಗೆ ಮೇಣ ಒತ್ತಿ ಅಚ್ಚು ತೆಗೆಯುವ ಕಾಲ ಹೋಯಿತು. ಡಾಕ್ಟರು ಒಳಗೆ ಪುಟ್ಟ ಕ್ಯಾಮೆರಾ ಆಡಿಸಿದರು, ಕಂಪ್ಯೂಟರ್ ಸ್ಕ್ರೀನಿನ ಮೇಲೆ ಆಯಿಯ ಮುಖ ಹೊಸ ಹಲ್ಲು ಬಿಟ್ಟು ನಕ್ಕಿತು.

"ಪರ್ಫೆಕ್ಟ್ ಸರ್," ಎಂದೆ.

"ಇಕಿ ಯಾರ್ರಿ?" ಎಂದಳು ಆಯಿ. "ನನಗ ಮುಂದಿನ ಎರಡು ಹಲ್ಲಿನ ನಡು ಸಂದಿ ಇತ್ತು. ಅದನ್ನೂ ಇಡ್ರಿ."

"ಆಯಿ, ಗ್ಯಾಪ್ ಚೆಂದ ಕಾಣಲ್ಲ."

"ಯಾಕ ಕಾಣಂಗಿಲ್ಲ? ನಮ್ಮವ್ವಗ ಇತ್ತು, ನಿಮ್ಮಪ್ಪಗ ಅದ, ನಿನಗೂ ಅದ. ಬಾಯಿ ತೆರಿ, ಡಾಕ್ಟರ್ ಸಾಹೇಬ್ರು ನಿನ್ನ ನೋಡೇ ಮಾಡ್ಲಿ."

ಕಾಲೇಜು ಸೇರಿದ ಮೇಲೆ, ಹಾಸ್ಟೆಲಿನಲ್ಲಿ ಯಾರೋ ನಕ್ಕರೆಂದು, ಹಾಕಿಕೊಂಡದ್ದೇ ಕಾಣದಂಥ ಪಾರದರ್ಶಕ ಕ್ಲಿಪ್ಪಿನಿಂದ ನನ್ನ ಸಂದಿ ಮುಚ್ಚಿಸಿಕೊಂಡಿದ್ದೇನೆ. ಆಯಿಗೆ ಹೇಳಿರಲಿಲ್ಲ.

ಬಾಯಿ ತೆರೆದೆ. ಆಯಿ ಚಷ್ಮಾ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

"ಇದೂ ಕಂಪ್ಯೂಟರಿನದೇನ?" ಎಂದಳು, ಮೆಲ್ಲಗೆ.

ಡಾಕ್ಟರು ಸಂದಿ ಬಿಟ್ಟೇ ಹಲ್ಲು ಪ್ರಿಂಟ್ ಮಾಡಿಕೊಡುತ್ತಾರಂತೆ. ನಮ್ಮ ಮನೆತನದ ಗುರುತು ಇನ್ನು ಆಯಿಯ ಕಟ್ಟಿಸಿದ ಹಲ್ಲಿನಲ್ಲಿರುತ್ತದೆ, ನನ್ನ ಸ್ವಂತ ಹಲ್ಲಿನಲ್ಲಿಲ್ಲ.