ಟೆಂಪೋ ಹೋಗದ ಊರಿಗೆ

ಮದುವೆಯಾದ ವಾರದಲ್ಲೇ ನಾವು ಮನೆದೇವರಿಗೆ ಹೋದೆವು. ನಾವು ಅಂದರೆ ನಾನು ಮತ್ತು ನನ್ನ ಗಂಡ ಎಂದು ನೀವು ತಿಳಿದುಕೊಂಡಿದ್ದರೆ ನಿಮಗೆ ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲ. ಮರಳಿ ಎಂಬ ಊರಿನ ನನ್ನ ಗಂಡನ ಮನೆಯಿಂದ ಒಂದು ಟೆಂಪೋ ತುಂಬ ಜನ ಹೊರಟಿದ್ದರು. ಗಂಡ ಮುಂದೆ ಡ್ರೈವರನ ಪಕ್ಕ. ನಾನು ಹಿಂದೆ, ಅಡುಗೆಯ ಹಂಡೆಗೂ ಟೆಂಪೋ ಹತ್ತಿದೊಡನೆ ವಾಂತಿ ಮಾಡಿಕೊಳ್ಳುವ ದೊಡ್ಡತ್ತೆಗೂ ನಡುವೆ. ವಾಪಸು ಬರುವಾಗ ನಾದಿನಿ, "ವೈನಿ, ಇದ ನೋಡ್ರಿ ನಿಮ್ಮ ಹನಿಮೂನ್" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾವಿಬ್ಬರೇ ಒಂದು ಸಲ ಹೋಗಬೇಕು, ಟೆಂಪೋ ಹೋಗದ ಊರಿಗೇ ಹೋಗಬೇಕು ಎಂದು ಆ ಹಂಡೆಗೆ ಆತುಕೊಂಡು ಕೂತಲ್ಲೇ ತೀರ್ಮಾನ ಮಾಡಿಬಿಟ್ಟೆ.

ನನ್ನ ತವರು ಕುಷ್ಟಗಿ. ನಮ್ಮಲ್ಲಿ ನೀರು ಕಡಿಮೆ, ಹಟ ಜಾಸ್ತಿ. ಗಂಗಾವತಿ ಕಡೆಯ ಕಾಲುವೆ ಸೀಮೆಗೆ ಸೊಸೆಯಾಗಿ ಬಂದಾಗ ನೀರು ಕಂಡು ಖುಷಿಯಾಯಿತು, ಮನೆ ಕಂಡು ಕಂಗಾಲಾದೆ. ನಮ್ಮ ಕೋಣೆಯಲ್ಲೇ ಭತ್ತದ ಚೀಲ, ನಮ್ಮ ಕೋಣೆಯಲ್ಲೇ ಮನೆಮಂದಿಯ ಟ್ರಂಕುಗಳು. ಯಾರಿಗೆ ಏನು ಬೇಕಾದರೂ ಬಾಗಿಲು ತಳ್ಳಿಕೊಂಡು ಬರುತ್ತಿದ್ದರು. ಗಂಡನ ಜೊತೆ ಒಂದು ಮಾತನ್ನು ಶುರುವಿನಿಂದ ಕೊನೆಯವರೆಗೆ ಆಡಿದ ನೆನಪಿಲ್ಲ. ಅವರಿಗೆ ಯಾವ ಪಲ್ಯ ಸೇರುತ್ತದೆ ಎಂಬುದು ಕೂಡ ನನಗೆ ತಿಳಿದದ್ದು ಅತ್ತೆಯ ಬಾಯಿಂದ.

ಅಡುಗೆಮನೆಯ ಗೋಡೆಗೆ ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರು ನೇತಾಡುತ್ತಿತ್ತು. ಅದರಲ್ಲಿ ನೀಲಿ ಸಮುದ್ರ, ನೀರಿನ ಮೇಲೆ ಬಾಗಿದ ಒಂದು ಮರ, ಕೆಳಗೆ ಸಣ್ಣಕ್ಷರದಲ್ಲಿ ಅಂಡಮಾನ್. ರೊಟ್ಟಿ ತಟ್ಟುತ್ತ ದಿನಾ ಅದನ್ನೇ ನೋಡುತ್ತಿದ್ದೆ. ಗೋವಾಕ್ಕೆ ಟೆಂಪೋ ಹೋಗುತ್ತದೆ. ಊಟಿಗೂ ಹೋಗುತ್ತದೆ. ಅಂಡಮಾನಿಗೆ ಹೋಗುವುದಿಲ್ಲ. ಇದಕ್ಕಿಂತ ದೊಡ್ಡ ಗುಣ ಯಾವ ಊರಿಗೂ ಬೇಕಿಲ್ಲ ಅನಿಸಿತು.

ಇವರಿಗೆ ಹೇಳಿದೆ. ನನ್ನ ಗಂಡ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. "ನೋಡೂನು" ಎಂದರು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಹಾಗಾಗಿ ನಾನೇ ನೋಡತೊಡಗಿದೆ. ಬಂಗಾರ ಅಡ ಇಡುವುದಿಲ್ಲ, ಸಾಲ ಮಾಡುವುದಿಲ್ಲ, ಮದುವೆಯಲ್ಲಿ ಮುಯ್ಯಿ ಬಂದ ಹಣದೊಳಗೇ ಹೋಗಿ ಬರಬೇಕು. ವಿಮಾನದ ಮಾತೇ ಇಲ್ಲ. ಹೊಸಪೇಟೆಯಿಂದ ಗುಂತಕಲ್ಲಿಗೆ ರೈಲು, ಅಲ್ಲಿಂದ ಚೆನ್ನೈಗೆ ಇನ್ನೊಂದು, ಮುಂದೆ ಹಡಗು. ಹಡಗಿನಲ್ಲಿ ಮಂಚದ ಮೇಲೆ ಮಂಚ ಹಾಕಿರುವ ಅಗ್ಗದ ದರ್ಜೆ. ಇಳಿದ ಮೇಲೆ ದಂಡೆಯ ಪಕ್ಕ ಒಂದು ಬಿದಿರಿನ ಗುಡಿಸಲು. ಊರು ಸುತ್ತುವುದು, ಗಾಡಿ ಮಾಡುವುದು ಯಾವುದೂ ಬೇಡ. ಒಂದೇ ಕಡೆ ಇರುವುದು, ಬೆಳಗಾದರೂ ಏಳದೆ ಮಲಗುವುದು, ಯಾರೂ ಕರೆಯದಿರುವುದು.

ಕಟ್ಟೆಯ ಮೇಲೆ ಕೂತಿದ್ದ ಮಾವನ ಎದುರಿಗೇ ಹೋಗಿ ವಿಷಯ ಎತ್ತಿದೆ.

"ಅಂಡಮಾನ? ಯಾಕ, ನನ್ನ ಮಗ ಏನು ಕೊಲಿ ಮಾಡ್ಯಾನ? ಕರಿನೀರಿನ ಶಿಕ್ಷಾ ಕೊಟ್ಟು ಕಳಸ್ತಿದ್ರು ಅಲ್ಲಿಗೆ."

"ಈಗ ಜೈಲಿಲ್ರಿ ಮಾವ. ಮಂದಿ ರೊಕ್ಕ ಕೊಟ್ಟು ಹೊಕ್ಕಾರ."

"ಸುನಾಮಿ ಬಂದಿದ್ದು ಅಲ್ಲೇ ಅಲ್ಲೇನು?"

ಸುನಾಮಿ ಕಳೆದು ಎರಡು-ಮೂರು ವರ್ಷವಾಗಿತ್ತು. ಟಿವಿಯಲ್ಲಿ ಕಂಡದ್ದನ್ನು ಯಾರೂ ಮರೆತಿರಲಿಲ್ಲ. "ಈಗ ಎಲ್ಲಾ ಸರಿಹೋಗೈತಂತ್ರಿ" ಎಂದೆ.

"ಹೋಗ್ಲಿ, ಅಲ್ಲಿ ಏನೇನು ನೋಡ್ತೀರಿ?"

"ಏನೂ ನೋಡಂಗಿಲ್ರಿ. ಕುಂದರ್ತೀವಿ."

ಮಾವ ತಾವು ಕೂತಿದ್ದ ಕಟ್ಟೆಯನ್ನು ಅಂಗೈಯಿಂದ ತಟ್ಟಿದರು. "ಕುಂದ್ರಾಕ ಅಷ್ಟು ದೂರ ಯಾಕವ್ವ? ನಡುಗಡ್ಡಿನ ಬೇಕಂದ್ರ ನಮ್ಮ ಹೊಳಿಯಾಗ ವಿರೂಪಾಪುರ ಗಡ್ಡಿ ಐತಿ. ಪರದೇಶದ ಮಂದಿ ವಿಮಾನ ಹತ್ತಿ ಅಲ್ಲಿಗೆ ಬರ್ತಾರ."

ಆ ಗಡ್ಡೆ ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿಗೆ ನಮ್ಮ ಟ್ರ್ಯಾಕ್ಟರೂ ಹೋಗುತ್ತದೆ. ಮಾವನಿಗೆ ಹೊಲದ ಲೆಕ್ಕವೇ ಲೆಕ್ಕ ಎಂದು ಗೊತ್ತಿದ್ದರಿಂದ ಆ ದಾರಿಯಲ್ಲೇ ಹೋದೆ. "ಬೇಸಿಗಿ ಭತ್ತ ಕೊಯ್ದು ಮಿಲ್ಲಿಗೆ ಮುಟ್ಟಿದ ಮ್ಯಾಲೇ ಹೋಗ್ತೀವ್ರಿ. ಕಾಲುವಿ ಬಂದ್ ಆಗಿರ್ತೈತಿ, ಹೊಲದಾಗ ಕೆಲಸ ಇರಂಗಿಲ್ಲ. ಮಳಿಗಾಲಕ್ಕ ಮುಂಚೆ ಬಂದುಬಿಡ್ತೀವಿ." ಮಾವ ಗಡ್ಡ ಕೆರೆದುಕೊಂಡರು. ಬೇಡ ಎನ್ನಲು ಅವರಿಗೆ ಬೇರೆ ಕಾರಣ ಸಿಗಲಿಲ್ಲ.

ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತೆ ಆಗ ಒಳಗಿನಿಂದ, "ಹಂಗಾದ್ರ ನಾನೂ ಬರ್ತೀನಿ" ಎಂದರು.

ಅತ್ತೆ ಬರುತ್ತಾರೆ ಅಂದರೆ ಮಾವ ಬರಬೇಕು. ಅವರಿಬ್ಬರು ಬಂದರೆ ನೋಡಿಕೊಳ್ಳಲು ನಾದಿನಿ ಬೇಕು. ನಾದಿನಿ ಹೋದರೆ ಮೈದುನ ಬಿಡುತ್ತಾನೆಯೇ? ಸಂಜೆಯಾಗುವಷ್ಟರಲ್ಲಿ ದೊಡ್ಡತ್ತೆ ಕೂಡ ಹಡಗಿನಲ್ಲಿ ವಾಂತಿಯಾದರೆ ನಿಂಬೆಹಣ್ಣು ಸಾಕೇ ಎಂದು ವಿಚಾರಿಸುತ್ತಿದ್ದರು. ನಮ್ಮ ಟೆಂಪೋ ಸಮುದ್ರಕ್ಕೂ ಇಳಿದಿತ್ತು. ಇವರ ಮುಖ ನೋಡಿದೆ. ಇವರು ಚಪ್ಪಲಿ ಮೆಟ್ಟಿಕೊಂಡು ಗದ್ದೆ ಕಡೆ ಹೊರಟುಹೋದರು.

ಮರುದಿನ ಒಲೆಯ ಮುಂದೆ ಅತ್ತೆ ಒಬ್ಬರೇ ಇದ್ದಾಗ ಹೇಳಿಯೇಬಿಟ್ಟೆ. "ಅತ್ತಿ, ಸಿಟ್ಟಾಗಬ್ಯಾಡ್ರಿ. ನೀವು ಯಾರೂ ಬರೂದು ಬ್ಯಾಡ್ರಿ. ನಾವಿಬ್ಬರ ಹೋಗ್ತೀವಿ."

ಅತ್ತೆ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ಆಮೇಲೆ ಎಷ್ಟೋ ದಿನ ನನ್ನೊಡನೆ ನೇರ ಮಾತಿಲ್ಲ. ಎದುರಿಗೇ ನಿಂತಿದ್ದರೂ "ಆಕಿಗೆ ಹೇಳ್ರಿ, ಹಾಲು ಕಾಸಲಿ" ಎಂದು ಗೋಡೆಗೆ ಹೇಳುತ್ತಿದ್ದರು. ಹೊಸ ಸೊಸೆ ಗಂಡನನ್ನು ಮನೆಯಿಂದ ಬೇರೆ ಮಾಡುತ್ತಿದ್ದಾಳೆ ಎಂದು ಓಣಿಯಲ್ಲಿ ಮಾತಾಯಿತು. ರಾತ್ರಿ ಅಳು ಬರುತ್ತಿತ್ತು. ಬೆಳಿಗ್ಗೆ ಎದ್ದರೆ ಹಟ ಅಲ್ಲೇ ಇರುತ್ತಿತ್ತು.

ಹಡಗು ಹೊರಡುವ ದಿನವನ್ನು ಕೆಲವೇ ದಿನ ಮೊದಲು ತಿಳಿಸುತ್ತಿದ್ದರು. ಕೊಯ್ಯುವ ಮಷಿನ್ನಿನ ಸರದಿಯೂ ಹಾಗೆಯೇ. ಈ ಎರಡನ್ನೂ ಕೂಡಿಸುವುದೇ ನಮ್ಮ ಆ ಬೇಸಿಗೆಯ ಕೆಲಸವಾಯಿತು. ಅಚ್ಚರಿಯೆಂದರೆ ಈಗ ಇವರೂ ಹಟಕ್ಕೆ ಬಿದ್ದರು. ಗಂಗಾವತಿಯ ಗೆಳೆಯರಿಂದ ಕಲಿತ ಹಿಂದಿಯಲ್ಲಿ ಚೆನ್ನೈಗೆ ಫೋನ್ ಹಚ್ಚಿ ಹಚ್ಚಿ ಹಡಗಿನ ದಿನ ಕೇಳಿದರು. ಮಷಿನ್ನಿನವನ ಮನೆ ಬಾಗಿಲಿಗೆ ಹೋಗಿ ಕೂತು ಸರದಿ ಹಿಂದೆ ಮುಂದೆ ಮಾಡಿಸಿದರು. ಭತ್ತ ಮಿಲ್ಲಿಗೆ ಹೋದ ದಿನ, "ಟಿಕೀಟು ಸಿಕ್ಕಾವು. ಎರಡ" ಎಂದರು. ಆ ಎರಡು ಎಂಬ ಮಾತು ಕೇಳಿ ನನಗೆ ಕುಣಿಯಬೇಕೆನಿಸಿತು.

ಹೊರಡುವ ಮುಂಚೆ ಅಡುಗೆಮನೆಗೆ ಹೋದರೆ ಅತ್ತೆ ಕಟಕ ರೊಟ್ಟಿ ಮಾಡುತ್ತ ಕೂತಿದ್ದರು. ಪಕ್ಕದಲ್ಲಿ ಒಣಗಿದ ರೊಟ್ಟಿಗಳ ಗುಪ್ಪೆ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ತಿಂಗಳಾದರೂ ಕೆಡದ ಬುತ್ತಿ.

"ಹೋಟೆಲಿಗೆ ರೊಕ್ಕ ಸುರೀಬ್ಯಾಡ್ರಿ" ಎಂದರು. ಅಷ್ಟು ದಿನಗಳ ಮೇಲೆ ನನಗೇ ಹೇಳಿದ ಮೊದಲ ಮಾತು. ನಾನು ಪಕ್ಕದಲ್ಲಿ ಕೂತೆ.

"ನಾ ಬರ್ತೀನಿ ಅಂದಿದ್ದು ನಿಮ್ಮನ್ನ ಕಾಯಾಕ ಅಂತ ತಿಳಕೊಂಡಿ ಏನು, ತಂಗಿ?"

"ಹೂಂ ರಿ."

"ನಾ ಬಂದ್ರ ನಿಮ್ಮ ಮಾವನೂ ಬರ್ತಾರ ಅಂತ. ಹಡಗಿನ್ಯಾಗ ಹೊಲ ಇಲ್ಲ, ದನ ಇಲ್ಲ, ಕಟ್ಟಿ ಮ್ಯಾಲೆ ಮಂದಿ ಇಲ್ಲ. ನನ್ನ ಕೂಡ ಮಾತಾಡಲಾರದ ಎಲ್ಲಿ ಹೊಕ್ಕಾರ ಅಂದ್ಕೊಂಡಿದ್ನಿ."

ನಾನು ಯಾವುದಕ್ಕೆ ಇಷ್ಟು ದಿನ ಕಾದಾಡಿದ್ದೆನೋ ಅದನ್ನೇ ಅವರೂ ಆ ದಿನ ಒಳಗಿನಿಂದ ಬೇಡಿದ್ದರು. ಹಾಗೆಂದು ಬನ್ನಿ ಎನ್ನಲಿಲ್ಲ. "ನಾವು ಬಂದ ಮ್ಯಾಲೆ ನೀವಿಬ್ಬರ ಹೋಗ್ರಿ" ಎಂದೆ.

"ಹುಚ್ಚಿ, ಈ ವಯಸ್ಸಿನ್ಯಾಗ? ಮಂದಿ ನಗ್ತಾರ."

"ನಗಲಿ ಬಿಡ್ರಿ. ನನಗ ನಕ್ಕಿಲ್ಲೇನು?"

ಅಂಡಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಮ್ಮಿಬ್ಬರದು. ಒಂದು ಮಧ್ಯಾಹ್ನ ಮಾತ್ರ ಹೇಳುತ್ತೇನೆ. ದಂಡೆಯ ನೆರಳಿನಲ್ಲಿ ಕೂತು ರೊಟ್ಟಿ ಮುರಿಯುತ್ತ ಇವರು, "ಅವ್ವನ್ನ ಕರಕೊಂಡು ಬರಬೇಕಾಗಿತ್ತು" ಎಂದರು.

"ಬ್ಯಾಡ" ಎಂದೆ. "ಅವ್ವ ಅಪ್ಪಾರ ಜೋಡಿ ಬರಲಿ. ನಮ್ಮ ಜೋಡಿ ಅಲ್ಲ."

ಇವರು ಮುರಿದ ರೊಟ್ಟಿಯ ಅರ್ಧ ನನ್ನ ಕೈಗಿಟ್ಟು, "ಹಂಗ ಮಾಡೂನು" ಎಂದರು.

ಊರಿಗೆ ಬಂದಾಗ ಕಾಲುವೆಗೆ ನೀರು ಬಿಡಲು ಇನ್ನೂ ಸಮಯವಿತ್ತು. ಈ ಸಲ ಮಾವನೊಡನೆ ಮಾತಾಡಿದ್ದು ನಾನಲ್ಲ, ಇವರು. ಅತ್ತೆ ಮಾವ ಇಬ್ಬರೇ ಗೋಕರ್ಣಕ್ಕೆ ಹೋಗಿ ಬರುವುದೆಂದಾಯಿತು. ದೇವರೂ ಇದ್ದ, ಸಮುದ್ರವೂ ಇತ್ತು, ಮಾವ ಒಪ್ಪಿದರು. ನಾದಿನಿ ಬ್ಯಾಗು ಹಿಡಿದು ಬಾಗಿಲಿಗೆ ಬಂದಳು. ಅವಳ ಕೈಯಿಂದ ಬ್ಯಾಗು ಕಸಿದು ಒಳಗಿಟ್ಟೆ.

ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ನಿಂತಿತ್ತು. ಆ ವಯಸ್ಸಿನವರು ಬಸ್ಸು ಹತ್ತಿದರೆ ಹೆಂಗಸು ಮುಂದೆ ಹೆಂಗಸರ ಜೊತೆ, ಗಂಡಸು ಹಿಂದೆ ಗಂಡಸರ ಜೊತೆ. ಮಾವ ರೂಢಿಯಂತೆ ಚೀಲ ಹಿಡಿದು ಹಿಂದಕ್ಕೆ ನಡೆದರು. ಅತ್ತೆ ಮುಂದಿನ ಕಿಟಕಿಯ ಬಳಿ ಕೂತಿದ್ದರು, ಪಕ್ಕದ ಸೀಟಿನ ಮೇಲೆ ಕೈ ಇಟ್ಟುಕೊಂಡು. ಒಬ್ಬ ಹೆಂಗಸು ಅಲ್ಲಿ ಕೂರಲು ಬಂದಳು. ಅತ್ತೆ ಕೈ ತೆಗೆಯಲಿಲ್ಲ.

"ಎಲ್ಲಿ ಹೊಂಟ್ರಿ? ಇಲ್ಲಿ ಬಂದು ಕುಂದರ್ರಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದರು.

ಮಾವ ನಿಂತಲ್ಲೇ ಒಂದು ಸಲ ಕೆಳಗಿದ್ದ ನಮ್ಮನ್ನು ನೋಡಿದರು. ಆಮೇಲೆ ಬಂದು ಕೂತರು. ಬಸ್ಸು ಹೊರಟಾಗ ನಾನು ಕೈ ಬೀಸಿದೆ. ಅತ್ತೆ ನೋಡಲಿಲ್ಲ, ಆಗಲೇ ಮಾವನ ಕಡೆ ತಿರುಗಿ ಏನೋ ಹೇಳುತ್ತಿದ್ದರು.