ಒಂದೇ ಟೈರು ಬದಲಾಯಿಸಿದ ಮಾಮ

ಕಾರು ನಿಂತ ಕೂಡಲೇ ಬಾಗಿಲು ತೆರೆದು, ಮೊದಲು ಒಂದು ಜೊತೆ ಚಪ್ಪಲಿ ರಸ್ತೆಗೆ ಬೀಳುತ್ತಿತ್ತು. ಅದರ ಹಿಂದೆ ಒಂದು ಬೈಗುಳ. ಆಮೇಲೆ ನಮ್ಮ ಮಾಮ ಇಳಿಯುತ್ತಿದ್ದರು. ಮಗ್ಗದ ತುಳಿಹಲಗೆ ಬರಿಗಾಲಲ್ಲಿ ಒತ್ತಿ ಬೆಳೆದ ಕಾಲು ಅವರದು. ಕಾರನ್ನೂ ಹಾಗೇ ಓಡಿಸುತ್ತಿದ್ದರು. ಸೋಮನೂರಿನಿಂದ ಗಣಪತಿ ಬಡಾವಣೆಯಲ್ಲಿದ್ದ ನನ್ನ ವರ್ಕ್‌ಶಾಪಿಗೆ ಬರುವಷ್ಟರಲ್ಲಿ ದಾರಿಯ ಲಾರಿಯವರನ್ನೆಲ್ಲ ಬೈದು ಮುಗಿಸಿ, ಉಳಿದದ್ದನ್ನು ನನಗೆಂದು ತರುತ್ತಿದ್ದರು.

ಸತ್ತವರ ಬಗ್ಗೆ ಒಳ್ಳೆಯ ಮಾತು ಆಡಬೇಕಂತೆ. ಸರಿ, ಒಂದು ಆಡುತ್ತೇನೆ. ನಾನು ವರ್ಕ್‌ಶಾಪ್ ತೆರೆದಾಗ ಮೊದಲ ಜಾಕ್ ಕೊಡಿಸಿದವರು ಅವರೇ. ಆದರೆ ಅದನ್ನು ಸಾಯುವವರೆಗೂ ಹಾಡಿದ್ದೇ ಹಾಡಿದರು. ಗಿರಾಕಿಗಳ ಮುಂದೆ ಆ ಜಾಕನ್ನು ಕಾಲಲ್ಲಿ ತಟ್ಟಿ, "ಇದು ನಾನ್ ಕೊಟ್ಟದ್ದು. ಇಲ್ಲಾಂದ್ರೆ ಇವ್ನು ಕಾರ್ ತಲೆ ಮೇಲೆ ಹೊತ್ಕೋಬೇಕಿತ್ತು" ಎನ್ನುತ್ತಿದ್ದರು. ಅಮ್ಮನ ಒಡಹುಟ್ಟಿದ ಅಣ್ಣ, ಎದುರು ಮಾತಾಡುವಂತಿರಲಿಲ್ಲ.

ಪವರ್‌ಲೂಮು ಕೈಹಿಡಿದ ಮೇಲೆ ಆನೈಕಟ್ಟಿ ಬೆಟ್ಟದ ಬುಡದಲ್ಲಿ ತೋಟ ಕೊಂಡರು. ಅಲ್ಲಿಯ ಕೆಸರಿಗೆಂದು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಕಾರೂ ಬಂತು. ತೋಟಕ್ಕೆ ಹೋದದ್ದು ಕಡಿಮೆ. ಗಾಂಧಿಪುರಂನ ಜವಳಿ ಅಂಗಡಿಗಳಿಗೆ ಅಲೆದದ್ದೇ ಹೆಚ್ಚು. ಆದರೂ ಮುಂದೆ ಕಬ್ಬಿಣದ ಗಾರ್ಡು, ಮೇಲೆ ಕ್ಯಾರಿಯರು, ಅದರ ಮೇಲೆ ಸಾಲು ಲೈಟು, ಹೂತ ಗಾಡಿ ಎಳೆಯುವ ವಿಂಚು, ಎಲ್ಲ ಹಾಕಿಸಿದರು. "ಮಾಮಾ, ಇಷ್ಟು ಭಾರ ಹೊತ್ರೆ ಮುಂದಿನ ಸ್ಪ್ರಿಂಗ್ ಕೂತ್ಕೊಳ್ಳುತ್ತೆ" ಎಂದೆ. "ಮದ್ವೆ ಹೆಣ್ಣಿಗೆ ಒಡವೆ ಭಾರ ಆಗ್ತದಾ ಮಾಪ್ಳೆ? ಬೋಲ್ಟ್ ಮುಡುಕು, ಬಾಯ್ ಮುಚ್ಚು" ಎಂದರು. ಬೋಲ್ಟ್ ಬಿಗಿದೆ. ಆ ಕಾರು ಕೊನೆಯವರೆಗೂ ಮೂಗು ತಗ್ಗಿಸಿಕೊಂಡೇ ಓಡಾಡಿತು.

ಜಗಳ ಹುಟ್ಟಿದ್ದು ಟೈರಿನಿಂದ. ಆನೈಕಟ್ಟಿಯ ಕಲ್ಲಿಗೆ ಒಂದು ಟೈರು ಸೀಳಿತು. ಉಳಿದ ಮೂರೂ ಚೆನ್ನಾಗಿ ಸವೆದಿದ್ದವು. ಇಂಥ ಕಾರಿಗೆ ನಾಲ್ಕೂ ಟೈರು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಬೇಕು. ಹೊಸದು ದೊಡ್ಡದು, ಹಳೆಯದು ಚಿಕ್ಕದು. ಒಂದೊಂದು ಒಂದೊಂದು ವೇಗದಲ್ಲಿ ಸುತ್ತಿದರೆ, ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ನಡುವಿನ ಕಪ್ಲಿಂಗು ಕಾದು ಕಾದು ಸುಟ್ಟುಹೋಗುತ್ತದೆ. ಹೀಗೆಂದು ಬಿಡಿಸಿ ಹೇಳಿದೆ. ಮಾಮ ನಕ್ಕುಬಿಟ್ಟರು.

"ಡೇಯ್, ನೀನು ನೇಯೋರ ಮನೇಲೇ ಹುಟ್ಟಿದ್ಯಾ? ಮಗ್ಗದಲ್ಲಿ ಎಳೆ ಹರಿದ್ರೆ ಆ ಎಳೆ ಗಂಟು ಹಾಕ್ತೀವಿ. ಪಾವು ಪೂರಾ ಕಿತ್ ಎಸೀತೀವಾ?"

ನಮ್ಮ ಜನದ ರಕ್ತದಲ್ಲೇ ಇರುವ ಮಾತು ಅದು. ಹರಿದದ್ದನ್ನಷ್ಟೇ ಮುಟ್ಟು, ಉಳಿದ ಪಾವನ್ನು, ಮಗ್ಗಕ್ಕೆ ಹಾಸಿದ ನೂಲನ್ನು, ಕೆಣಕಬೇಡ. ಸೀರೆಗೆ ಸರಿ, ಕಾರಿಗೆ ಸರಿಯಲ್ಲ. ನಾನು ಹಾಕುವುದಿಲ್ಲ ಎಂದೆ. ಕಾರಿನ ಎಣ್ಣೆ ಬದಲಾಯಿಸಿಕೊಟ್ಟು ಕಳಿಸಿದೆ. ಅವರು ಹೋಗುವ ದಾರಿಯಲ್ಲೇ ಬೇರೆ ಅಂಗಡಿಯಲ್ಲಿ ಒಂದೇ ಒಂದು ಹೊಸ ಟೈರು ಹಾಕಿಸಿಕೊಂಡರು.

ಕೆಲವು ತಿಂಗಳಿಗೆ ಕಾರು ತಿರುವಿನಲ್ಲಿ ನರಳತೊಡಗಿತು. ಬೇರೆ ಕಡೆ ಬಿಚ್ಚಿಸಿ ನೋಡಿದರೆ ಕಪ್ಲಿಂಗು ಸುಟ್ಟು ಕರಕಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾಮ ತಪ್ಪನ್ನು ನಾನು ಹಾಕಿದ ಎಣ್ಣೆಯ ಮೇಲೆ ಹೊರಿಸಿದರು. ಅದೂ ವರ್ಕ್‌ಶಾಪಿನಲ್ಲಲ್ಲ, ನೆಂಟರ ಮದುವೆಯಲ್ಲಿ, ಮಂಟಪದ ಊಟದ ಹಾಲ್‌ನಲ್ಲಿ, ಸೋಮನೂರು ಪಲ್ಲಡಂಗಳ ನಮ್ಮವರೆಲ್ಲ ಎಲೆ ಮುಂದೆ ಕೂತಿದ್ದಾಗ. "ಇವ್ನ ಕೈಗೆ ಗಾಡಿ ಕೊಡಬೇಡಿ. ಎಣ್ಣೆ ಮಾತ್ತಿ, ಏನೋ ಬೇರೆ ಹಾಕಿ ನನ್ನ ಕಾರ್ ಕೊಂದ್ಬುಟ್ಟ. ಸ್ವಂತ ಮಾಮನಿಗೇ ಹಿಂಗೆ, ನಿಮ್ಗೆ ಎಂಗೆ?"

ನನ್ನ ವರ್ಕ್‌ಶಾಪಿನ ಅನ್ನ ಬರುತ್ತಿದ್ದದ್ದೇ ನಮ್ಮವರ ನಂಬಿಕೆಯಿಂದ. ಈ ತಮಿಳು ಸೀಮೆಯಲ್ಲಿ ಮನೆಯ ಮಾತು ಕನ್ನಡ ಆಡುವ ಮೆಕ್ಯಾನಿಕ್ ಎಂದು ಅಷ್ಟು ದೂರದಿಂದ ಬರುತ್ತಿದ್ದರು. ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಯಾರೂ ಜಗಳವಾಡಲಿಲ್ಲ, ಕೇಳಲೂ ಇಲ್ಲ. ಅಮ್ಮ, "ದೊಡ್ಡವರು, ಬಿಡು" ಎಂದಳು. ನಾನು ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ.

ಒಂದು ಮಧ್ಯಾಹ್ನ ಅದೇ ಕಾರು ಮತ್ತೆ ಬಂತು. ಓಡಿಸಿಕೊಂಡು ಬಂದವಳು ಮಾಮನ ಮಗಳು ಸುಮತಿ. ಅವಳೊಬ್ಬಳೇ ಇಳಿದು ಒಳಗೆ ಬಂದಳು.

"ಬಾವ, ಹೊಸ ಕಪ್ಲಿಂಗ್ ಹಾಕಿಸಿದ್ವಿ, ಅದೂ ನರಳ್ತಾ ಇದೆ. ನಾಲ್ಕು ಟೈರೂ ಒಂದೇ ತರ ಹಾಕ್ಸೋಣ ಅಂದ್ರು ಅಪ್ಪ. ನೀವು ಹೇಳಿದ್ದೇ ಸರಿಯಂತೆ." ದನಿ ತಗ್ಗಿಸಿದಳು. "ಆದ್ರೆ ಹಂಗಂತ ಯಾರ್ ಹತ್ರನೂ ಹೇಳ್ಬೇಡಿ ಅಂದ್ರು."

ಕಾರಿನ ಕಡೆ ನೋಡಿದೆ. ಮುಂದಿನ ಸೀಟಿನಲ್ಲಿ ಮಾಮ, ಗಾಜು ಏರಿಸಿಕೊಂಡು, ಎದುರಿನ ಗೋಡೆ ನೋಡುತ್ತ ಕೂತಿದ್ದರು. ಮೈ ತುಂಬ ಇಳಿದುಹೋಗಿತ್ತು.

"ಮಂಟಪದಲ್ಲಿ ಅಷ್ಟು ಜನರ ಮುಂದೆ ಅಂದ್ರಲ್ಲ? ಇಲ್ಲಿ ನನ್ನ ಹುಡುಗರ ಮುಂದೆ ಬಂದು ನಾನ್ ಹೇಳಿದ್ದೇ ಸರಿ ಅನ್ಲಿ, ಸಾಕು. ಇವತ್ತೇ ಮಾಡಿಕೊಡ್ತೀನಿ" ಎಂದೆ.

ಅವಳು ಹೋಗಿ ಗಾಜಿನ ಹತ್ತಿರ ಬಗ್ಗಿ ಮಾತಾಡಿದಳು. ಗಾಜು ಒಂದಿಷ್ಟು ಇಳಿದು ಮತ್ತೆ ಏರಿತು. ಕಾರು ಹೊರಟುಹೋಯಿತು. ನಾನು ಅವರನ್ನು ಜೀವಂತ ನೋಡಿದ್ದು ಅದೇ ಕೊನೆ.

ಕರ್ಮದ ಊಟಕ್ಕೆ ಹೋದೆ, ಅಮ್ಮನಿಗಾಗಿ. ಪಕ್ಕದ ಎಲೆಯಲ್ಲಿ ಪಲ್ಲಡಂ ಕಡೆಯ ಮುದುಕರೊಬ್ಬರು ಕೂತಿದ್ದರು. "ಇವ್ನು ಯಾರ ಮಗ?" ಎಂದು ಆಚೆಯವರನ್ನು ಕೇಳಿದರು. ಆಚೆಯವರು ಕೆಟ್ಟ ಮನಸ್ಸಿನಿಂದೇನೂ ಅಲ್ಲ, ಗುರುತು ಹೇಳುವಂತೆ ಹೇಳಿದರು: "ತೀರಿ ಪೋನವರ ತಂಗಿ ಮಗ. ಅವರ ಕಾರ್ ಕೆಡಿಸ್ದನಲ್ಲ, ಅವ್ನೇ."

ಸುಮತಿ ಅನ್ನದ ಪಾತ್ರೆ ಹಿಡಿದು ನಮ್ಮ ಎದುರಿಗೇ ನಿಂತಿದ್ದಳು. ಮಾಮ ಒಪ್ಪಿಕೊಂಡ ನಿಜ ಗೊತ್ತಿದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಉಳಿದಿದ್ದವಳು ಅವಳೊಬ್ಬಳೇ. ಅಷ್ಟೂ ಕೇಳಿಸಿಕೊಂಡಳು. ನಾನು ಅವಳ ಮುಖವನ್ನೇ ನೋಡಿದೆ.

"ಇನ್ನೂ ಸ್ವಲ್ಪ ಅನ್ನ ಹಾಕ್ಲಾ ಬಾವ?" ಎಂದಳು.