ವೈರು ಕಿತ್ತಿಟ್ಟ ಸರ್ವರ್

ಯಂತ್ರಕ್ಕೂ ಒಂದು ಮನಸ್ಸಿರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಪ್ರಿಂಟರ್ ಕೆಟ್ಟಾಗ 'ಇವತ್ತು ಅದಕ್ಕೆ ಮೂಡ್ ಇಲ್ಲ' ಎಂದು ನಗುವ ಗಿರಾಕಿಗಳಿಗೆ, ಮೂಡ್ ಇದೆ, ಟೋನರ್ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದವಳು ನಾನು. ಹದಿನೇಳು ವರ್ಷದಿಂದ ಇದೇ ಕೆಲಸ, ಮೊದಲು ಮೈಸೂರಿನಲ್ಲಿ, ಆಮೇಲೆ ಇಲ್ಲಿ ಟೊರೊಂಟೊದ ಸುತ್ತಮುತ್ತ. ಕಂಪ್ಯೂಟರು ಏನೇ ಮಾಡಿದರೂ ಅದಕ್ಕೊಂದು ಕಾರಣ ಇರುತ್ತದೆ, ಸಿಗಲಿಲ್ಲವೆಂದರೆ ಹುಡುಕಿದವರು ಸೋಮಾರಿಗಳು ಎಂದು ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೇ ನಂಬುತ್ತೇನೆ. ಕೆಲವು ವರ್ಷದ ಹಿಂದಿನ ಒಂದು ಭಾನುವಾರ ಮಾತ್ರ ಆ ನಂಬಿಕೆಯೊಳಗೆ ಹಿಡಿಸುತ್ತಿಲ್ಲ. ನೀವು ಇದನ್ನು ನಂಬಲೇಬೇಕೆಂದೇನಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಯೂನಿಯನ್‌ವಿಲ್ ಹತ್ತಿರ ಒಂದು ಸಣ್ಣ ಕ್ಲಿನಿಕ್ಕಿದೆ. ಕಾಯಿಲೆಯಿಂದ ಮಾತು ಕಳೆದುಕೊಳ್ಳಲಿರುವವರು ಅಲ್ಲಿಗೆ ಬಂದು, ದನಿ ಇರುವಾಗಲೇ ನೂರಾರು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಸುತ್ತಾರೆ. ಮುಂದೆ ಅವರು ಟೈಪ್ ಮಾಡಿದ್ದನ್ನು ಒಂದು ಪುಟ್ಟ ಯಂತ್ರ ಅವರದೇ ದನಿಯಲ್ಲಿ ಹೇಳುವಂತೆ ಕ್ಲಿನಿಕ್ಕಿನವರು ಮಾಡಿಕೊಡುತ್ತಾರೆ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಜವಾಬ್ದಾರಿ ನಮ್ಮ ಕಂಪನಿಯದು.

ಆ ಚಳಿಗಾಲ ಅಲ್ಲಿನ ಸರ್ವರ್ ಬದಲಿಸಲು ಅಳತೆ ನೋಡಿಕೊಂಡು ಬರಲು ಹೋದಾಗ ಕಾಯುವ ಕೋಣೆಯಲ್ಲಿ ಒಬ್ಬ ಹಿರಿಯರು ಕೂತಿದ್ದರು. ನಾನು ಫೋನಿನಲ್ಲಿ ಮಗಳಿಗೆ ಅನ್ನ ಬಿಸಿ ಮಾಡಿಕೊಳ್ಳಲು ಹೇಳುತ್ತಿದ್ದುದನ್ನು ಕೇಳಿ, ಯಾವೂರವಾ ನಿಮ್ದು ಎಂದು ಮಾತಿಗೆಳೆದರು. ಬೆಳಗಾವಿ ಕಡೆಯವರು, ಹೆಸರು ಶಿವಪುತ್ರಪ್ಪ, ಸ್ಕಾರ್‌ಬರೋದಲ್ಲಿ ಇಪ್ಪತ್ತು ವರ್ಷ ಬಸ್ಸು ಓಡಿಸಿದವರು. ಗಂಟಲಿನಲ್ಲಿ ಗಡ್ಡೆ, ಮುಂದಿನ ತಿಂಗಳು ಧ್ವನಿಪೆಟ್ಟಿಗೆಯನ್ನೇ ತೆಗೆಯುವುದು ಎಂದು ಹೇಳಿದರು. ಆಗಲೇ ದನಿ ಒಡೆದು ಗೊಗ್ಗರಾಗಿತ್ತು. ಒಂದೊಂದು ವಾಕ್ಯಕ್ಕೂ ನಿಂತು ನೀರು ಕುಡಿದು ಮೂರು ವಾರದಿಂದ ಓದುತ್ತಿದ್ದರಂತೆ.

"ದನಿ ಹೋಗೂದು ಖರೆ. ಹೋಗೂಕಿಂತ ಮೊದಲ ಒಂದೀಟು ತಗದ ಇಟ್ಟೀನಿ" ಎಂದರು.

ಅದೆಲ್ಲ ಎಲ್ಲಿ ಇರುತ್ತದೆ ಎಂದು ಕೇಳಿದರು. ನಾನು ಒಳಗಿನ ಕಪಾಟಿನಂಥ ಕೋಣೆಯನ್ನು ತೋರಿಸಿ, ಅಲ್ಲಿ ಭದ್ರವಾಗಿದೆ ಕಾಕಾ, ನಾನೇ ನೋಡಿಕೊಳ್ಳುತ್ತೇನೆ ಎಂದೆ. ಹಾಗೆ ಮಾತು ಕೊಡು ಎಂದು ಯಾರೂ ಕೇಳಿರಲಿಲ್ಲ, ನಾನಾಗಿಯೇ ಹೇಳಿದ್ದು.

ಆ ಕೋಣೆಯಲ್ಲಿ ಎರಡು ಮುಖ್ಯ ವಸ್ತುಗಳು. ಒಂದು, 'ಮೇಪಲ್' ಎಂದು ಹೆಸರಿಟ್ಟಿದ್ದ ಹಳೆಯ ಸರ್ವರ್. ಯಂತ್ರ ಒಂದೇ ಆದರೂ ಅದರೊಳಗೆ ನಾಲ್ಕು ಕಂಪ್ಯೂಟರುಗಳು ಬೇರೆಬೇರೆಯಾಗಿ ಇರುವ ಹಾಗೆ ನಡೆಯುತ್ತಿದ್ದವು. ಇನ್ನೊಂದು, ರೆಕಾರ್ಡಿಂಗುಗಳೆಲ್ಲ ಇರುವ ಸ್ಟೋರೇಜ್ ಪೆಟ್ಟಿಗೆ. ಇವೆರಡರ ನಡುವೆ ನೆಟ್‌ವರ್ಕ್ ವೈರು. ಮೇಪಲ್‌ಗೆ ವಯಸ್ಸಾಗಿತ್ತು, ಅದರ ಜಾಗಕ್ಕೆ ಹೊಸ ಸರ್ವರ್ ತಂದು ಅದನ್ನು ಅದೇ ಸ್ಟೋರೇಜಿಗೆ ಜೋಡಿಸಬೇಕಿತ್ತು. ನಮ್ಮಲ್ಲಿ ಇದು ಇಡ್ಲಿ ಬೇಯಿಸುವಷ್ಟು ಮಾಮೂಲಿ ಕೆಲಸ.

ಮುಂದಿನ ತಿಂಗಳು ಒಂದು ಶುಕ್ರವಾರ ಸಂಜೆ ಮೇಪಲ್ ಅನ್ನು ನಾನೇ ಆಫ್ ಮಾಡಿದೆ. ಅದರ ಡಿಸ್ಕುಗಳಲ್ಲಿ ರೆಕಾರ್ಡಿಂಗುಗಳ ಎರಡನೆಯ ಪ್ರತಿ ಇತ್ತು. ಹೇಗೂ ಮೂಲ ಸ್ಟೋರೇಜಿನಲ್ಲಿದೆಯಲ್ಲ ಎಂದುಕೊಂಡು ಅವನ್ನು ಅಳಿಸಿ, ಡಿಸ್ಕುಗಳನ್ನು ಹೊರಗೆ ತೆಗೆದು ಪುಡಿ ಮಾಡಿಸಲು ಕಳಿಸಿಬಿಟ್ಟೆ. ಹೊಸ ಪ್ರತಿ ಮಾಡುವ ಮೊದಲು ಹಳೆಯದನ್ನು ಅಳಿಸಬಾರದು ಎಂದು ಹೊಸಬರಿಗೆ ಪಾಠ ಹೇಳುವವಳು ನಾನೇ. ಸೋಮವಾರದೊಳಗೆ ಮುಗಿಸುವ ಆತುರ, ಜೊತೆಗೆ ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂಬ ಜಂಬ. ವೈರುಗಳನ್ನೆಲ್ಲ ಕಿತ್ತು, ಖಾಲಿ ಮೇಪಲ್ ಅನ್ನು ಬಾಗಿಲ ಪಕ್ಕ ನೆಲದ ಮೇಲಿಟ್ಟು, ಮೇಲೊಂದು ರೀಸೈಕಲ್ ಚೀಟಿ ಅಂಟಿಸಿದೆ. ಕಾಕಾ ಅವರ ಆಪರೇಷನ್ ಹಿಂದಿನ ದಿನವಷ್ಟೇ ಆಗಿತ್ತು. ಅವರ ದನಿ ಇನ್ನು ಉಳಿದಿದ್ದದ್ದು ಸ್ಟೋರೇಜ್ ಪೆಟ್ಟಿಗೆಯೊಂದರಲ್ಲೇ.

ಭಾನುವಾರ ಕ್ಲಿನಿಕ್ಕಿಗೆ ರಜೆ, ಹಾಗಾಗಿ ಅವತ್ತೇ ಜೋಡಿಸುವ ಕೆಲಸ. ಇಂಥ ಕೆಲಸಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಇಬ್ಬರು ಇರಬೇಕು, ಸ್ಟೋರೇಜಿನ ಒಂದೊಂದು ಭಾಗಕ್ಕೂ ಇರುವ ನಂಬರನ್ನು ಒಬ್ಬರು ಪರದೆ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೊದಲೇ ಬರೆದಿಟ್ಟ ಚೀಟಿಯಲ್ಲಿ ನೋಡಿ ಹೌದು ಎಂದ ಮೇಲೆಯೇ ಒತ್ತಬೇಕು. ನನ್ನ ಜೊತೆಗಾರ ಹರ್‌ಪ್ರೀತ್ ಹಿಮದಲ್ಲಿ ಹೈವೇ ಮೇಲೆ ಸಿಕ್ಕಿಕೊಂಡಿದ್ದ. ಫೋನ್ ಮಾಡಿ, "ರುಕ್ ಜಾ ಯಾರ್, ಏಕ್ ಘಂಟಾ. ಐ ಆಮ್ ಕಮಿಂಗ್" ಎಂದ. ಸರಿ, ಒಂದು ಗಂಟೆ ಕಾಯುತ್ತೇನೆ ಎಂದೆ. ಹತ್ತು ನಿಮಿಷ ಸುಮ್ಮನೆ ಕೂತೆ, ಆಮೇಲೆ ಶುರುಮಾಡಿಬಿಟ್ಟೆ.

ಹೊಸ ಸರ್ವರಿಗೆ ಸ್ಟೋರೇಜಿನ ವಿಳಾಸ ಕೊಟ್ಟೆ. ಪರದೆಯ ಮೇಲೆ ಸ್ಟೋರೇಜಿನ ಎರಡು ಭಾಗಗಳು ಕಾಣಿಸಿದವು. ಒಂದು ಹೊಸ ಸರ್ವರಿಗಾಗಿ ಮಾಡಿಟ್ಟ ಖಾಲಿ ಭಾಗ, ಇನ್ನೊಂದು ರೆಕಾರ್ಡಿಂಗುಗಳದು. ಎರಡರ ಅಳತೆಯೂ ಒಂದೇ. ಖಾಲಿಯದು ಎರಡನೆಯದು ಎಂದು ತಲೆಯಲ್ಲಿತ್ತು, ಎರಡನೆಯದನ್ನೇ ಆರಿಸಿ, ಅಳಿಸಿ ಹೊಸದಾಗಿ ಸಿದ್ಧಪಡಿಸು ಎಂದು ಒತ್ತಿದೆ.

ಆಗುವುದಿಲ್ಲ ಎಂದು ಉತ್ತರ ಬಂತು. ಈ ಭಾಗ ಬಳಕೆಯಲ್ಲಿದೆ, ಬಳಸುತ್ತಿರುವುದು: ಮೇಪಲ್.

ಸ್ಟೋರೇಜಿಗೆ ಯಾವ ಯಂತ್ರ ಜೋಡಣೆಯಾಗಿದೆ ಎಂಬ ಪಟ್ಟಿಯಲ್ಲಿ ಹಳೆಯ ಸಂಪರ್ಕದ ಹೆಸರು ಉಳಿದುಬಿಡುವುದುಂಟು. ಅದನ್ನು ಕಿತ್ತುಹಾಕಿದೆ. ಅರ್ಧ ನಿಮಿಷಕ್ಕೆ ಮತ್ತೆ ಬಂತು. ಇನ್ನೊಮ್ಮೆ ಕಿತ್ತೆ, ಇನ್ನೊಮ್ಮೆ ಬಂತು. ನನಗೆ ಹೆದರಿಕೆ ಏನೂ ಆಗಲಿಲ್ಲ, ಸಿಟ್ಟು ಬಂತು. ಸ್ಟೋರೇಜನ್ನೇ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಹಾಗೆ ಮಾಡಿದರೆ ಹಳೆಯ ನೆನಪು ಒಂದೂ ಉಳಿಯುವಂತಿಲ್ಲ. ಅದು ಮತ್ತೆ ಎದ್ದಾಗ ಪಟ್ಟಿ ಖಾಲಿಯಿತ್ತು. ಹೊಸ ಸರ್ವರ್ ಇನ್ನೂ ತನ್ನ ಹೆಸರು ಹೇಳುವ ಮೊದಲೇ, ನಾನು ನೋಡುತ್ತಿದ್ದ ಹಾಗೆಯೇ, ಮೊದಲ ಸಾಲಿನಲ್ಲಿ ಮೇಪಲ್ ಬಂದು ಕೂತಿತು.

ಎದ್ದು ಬಾಗಿಲ ಹತ್ತಿರ ಹೋದೆ. ಮೇಪಲ್ ಅಲ್ಲೇ ಇತ್ತು. ಡಿಸ್ಕಿನ ಗೂಡುಗಳು ಖಾಲಿ, ಹಿಂದೆ ಕರೆಂಟಿನ ವೈರೂ ಇಲ್ಲ, ನೆಟ್‌ವರ್ಕಿನದೂ ಇಲ್ಲ. ಮುಟ್ಟಿ ನೋಡಿದೆ, ತಣ್ಣಗಿತ್ತು. ಯಾರೂ ನೋಡುತ್ತಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡೆ, ಏಕೆಂದರೆ ಹಾಗೆ ಮುಟ್ಟಿ ನೋಡುವವರನ್ನು ಗೇಲಿ ಮಾಡುವವಳು ನಾನು.

ವಾಪಸು ಬಂದು ಕೂತೆ. ಬಲವಂತವಾಗಿ ಅಳಿಸುವ ಆಯ್ಕೆಯೂ ಒಂದಿದೆ. ಯಾರು ಬಳಸುತ್ತಿದ್ದರೂ ಸರಿ, ಅಳಿಸಿಯೇ ಬಿಡುತ್ತದೆ. ಅದನ್ನು ತೆರೆದೆ. ಖಚಿತವೇ ಎಂದು ಕೇಳಿತು. ಬೆರಳು ಮೌಸಿನ ಮೇಲಿತ್ತು. ಒತ್ತುವ ಮೊದಲು, ಸತ್ತ ಸರ್ವರ್ ಅದೇನು ಬಳಸುತ್ತಿದೆಯೋ ನೋಡೇಬಿಡೋಣ ಎಂಬ ಹಟಕ್ಕೆ ಪಕ್ಕದ ಪುಟ ತೆರೆದೆ. ಮೇಪಲ್ ಆ ಭಾಗದಲ್ಲಿ ಏನನ್ನೂ ಬರೆಯುತ್ತಿರಲಿಲ್ಲ. ಓದುತ್ತಿತ್ತು. ಸ್ವಲ್ಪಸ್ವಲ್ಪವಾಗಿ, ನಡುನಡುವೆ ನಿಂತು. ಈ ಕ್ಲಿನಿಕ್ಕಿನಲ್ಲಿ ಹಾಗೆ ಓದುವುದನ್ನು ಎಷ್ಟೋ ಸಲ ನೋಡಿದ್ದೇನೆ. ಯಾರಾದರೂ ಕೂತು ರೆಕಾರ್ಡಿಂಗ್ ಹಾಕಿಕೊಂಡು ಕೇಳುವಾಗ ಹಾಗೆ ಕಾಣುತ್ತದೆ.

ಆಗಷ್ಟೇ ಆ ಭಾಗದ ಉದ್ದನೆಯ ನಂಬರನ್ನು ಚೀಟಿಯ ಜೊತೆ ಹೋಲಿಸಿ ನೋಡಿದೆ. ನಾನು ಅಳಿಸಹೊರಟಿದ್ದು ಖಾಲಿ ಭಾಗವಲ್ಲ. ಹೊಸ ಸರ್ವರಿನಲ್ಲಿ ಎರಡೂ ಹಿಂದುಮುಂದಾಗಿ ಕಾಣಿಸಿದ್ದವು.

ಮೌಸಿನಿಂದ ಕೈ ತೆಗೆದು, ಆ ಪುಟ ಮುಚ್ಚಿ, ನೆಲದ ಮೇಲೆ ಕೂತುಬಿಟ್ಟೆ. ಆಗ ಆದದ್ದು ಭಯವಲ್ಲ, ನಾಚಿಕೆ. ಇನ್ನೊಬ್ಬರ ದನಿಯನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಹೇಳಿ, ಎರಡು ದಿನದಲ್ಲಿ ಎರಡು ಕಡೆಯೂ ಅಳಿಸಲು ಹೊರಟಿದ್ದೆ. ಅಳುವೂ ಬಂತು. ಸ್ವಲ್ಪ ಹೊತ್ತಿಗೆ ಎದ್ದು ನೋಡಿದಾಗ ಪಟ್ಟಿಯಲ್ಲಿ ಮೇಪಲ್ ಇರಲಿಲ್ಲ.

ಹರ್‌ಪ್ರೀತ್ ಬಂದ ಮೇಲೆ ಮೊದಲು ರೆಕಾರ್ಡಿಂಗುಗಳ ಪ್ರತಿ ಮಾಡಿಟ್ಟೆವು. ಆಮೇಲೆ ಅವನು ಓದಿದ, ನಾನು ಹೌದು ಎಂದು ಒತ್ತಿದೆ. ಹೊಸ ಸರ್ವರ್ ಐದೇ ನಿಮಿಷದಲ್ಲಿ ಜೋಡಣೆಯಾಯಿತು. ಯಾವ ಯಂತ್ರ ಯಾವಾಗ ಸಂಪರ್ಕಿಸಿತು ಎಂದು ಸ್ಟೋರೇಜ್ ತಾನೇ ಬರೆದಿಡುವ ದಾಖಲೆಯನ್ನು ಅವನಿಗೆ ತೋರಿಸಿದೆ. ಮೊದಲು ನಕ್ಕ. ಆಮೇಲೆ, ಒಂದೊಂದು ಯಂತ್ರಕ್ಕೂ ಬೇರೆಯೇ ಇರುವ ನೆಟ್‌ವರ್ಕ್ ಕಾರ್ಡಿನ ನಂಬರನ್ನು ಮೇಪಲ್‌ನ ಹಿಂದಿನ ಚೀಟಿಯ ಜೊತೆ ಹೋಲಿಸಿ ನೋಡಿದ, ಎರಡೂ ಒಂದೇ. ದಾಖಲೆಯನ್ನು ಸ್ಟೋರೇಜ್ ಪೆಟ್ಟಿಗೆ ತಯಾರಿಸಿದ ಕಂಪನಿಯವರಿಗೂ ಕಳಿಸಿದೆವು. ಅದೇ ಹೆಸರಿನ ಇನ್ನೊಂದು ಸರ್ವರ್ ಇರಬಹುದು ಎಂದರು. ಇಲ್ಲ ಎಂದು ಬರೆದೆ. ಹಾಗಾದರೆ ದಾಖಲೆ ತಪ್ಪು ತೋರಿಸಿರಬಹುದು ಎಂದರು. ಇರಬಹುದು. ಆದರೆ ದಾಖಲೆಯಷ್ಟೇ ತಪ್ಪಾಗಿದ್ದರೆ ನಾನು ಅಳಿಸುವುದನ್ನು ಅದು ಹೇಗೆ ತಡೆಯಿತು?

ವಸಂತದಲ್ಲಿ ಕಾಕಾ ಕ್ಲಿನಿಕ್ಕಿನಲ್ಲಿ ಸಿಕ್ಕರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದರು, ತೊಡೆಯ ಮೇಲೆ ಪುಟ್ಟ ಯಂತ್ರ. ಅದಕ್ಕೆ ಇಂಗ್ಲಿಷ್ ಮಾತ್ರ ಬರುತ್ತಿತ್ತು. ಅವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಹೇಳಿಸುತ್ತಿದ್ದರು. ಉಚ್ಚಾರ ಸೊಟ್ಟಪಟ್ಟ, ದನಿ ಮಾತ್ರ ಅವರದೇ. ಕೇಳಿ ನನಗೆ ತಡೆಯಲಾಗಲಿಲ್ಲ. ಪಕ್ಕ ಕೂತು ಎಲ್ಲವನ್ನೂ ಒಪ್ಪಿಕೊಂಡೆ, ಶುಕ್ರವಾರದ್ದು, ಭಾನುವಾರದ್ದು, ಬೆರಳು ಎಲ್ಲಿಯವರೆಗೆ ಹೋಗಿತ್ತು ಎಂಬುದು. ವೈರು ಕಿತ್ತಿಟ್ಟ ಸರ್ವರ್ ಅದನ್ನು ಓದುತ್ತಿದ್ದುದನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೂ ಅನಿಸಿತ್ತು.

ಅವರು ಯಂತ್ರವನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಒಂದೊಂದೇ ಅಕ್ಷರ ಒತ್ತಿದರು.

"ಹಂಗಾರ ಆವತ್ತ ನನ್ನ ದನಿ ಯಾರ ಕೇಳಾಕತ್ತಿದ್ರವಾ?" ಎಂದು ಅವರ ದನಿ ಕೇಳಿತು.

ಗೊತ್ತಿಲ್ಲ ಕಾಕಾ ಎಂದೆ. ಇವತ್ತು ಕೇಳಿದರೂ ಅಷ್ಟೇ ಹೇಳಬಲ್ಲೆ.